ಕಿವಿಗಿಟ್ಟು ಮುರಿಯುವ ಟೊಮೆಟೊ ಚಿಪ್ಸು
ಗಡಿಯಾರ ರಿಪೇರಿಯ ಯಜಮಾನರು ಅಂಗಡಿ ಮುಚ್ಚಿದರೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಬಿಟ್ಟಿಲ್ಲ. ಈಗ ಅದರಡಿಗೆ ಟೊಮೆಟೊ ಬರುತ್ತದೆ. ಗಟ್ಟಿ ಹಣ್ಣನ್ನೇ ಆರಿಸಿ, ಆಚೆಯಿಟ್ಟ ಪೇಪರನ್ನು ಓದಬಹುದಾದಷ್ಟು ತೆಳ್ಳಗೆ ಬಿಲ್ಲೆ ಕೊಯ್ಯುತ್ತಾರೆ. ತಾರಸಿಯ ಮೇಲೆ ಎರಡು ದಿನ ಒಣಗಿಸುವಾಗ ಅಡ್ಡ ಬಂದ ಮೋಡಕ್ಕೂ ಬೈಗುಳ ತಪ್ಪಿದ್ದಲ್ಲ. ಆಮೇಲೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿಟ್ಟು, ಒಂದನ್ನು ತಮ್ಮ ಕಿವಿಯ ಪಕ್ಕ ಹಿಡಿದು ಮುರಿಯುತ್ತಾರೆ. "ಸದ್ದು ಸಾಲ್ದು, ಮತ್ತೆ ಕಾವಲಿಗೆ!" ತಿನ್ನಲು ಕಾದು ಕುಳಿತ ಮಗಳು, "ಅಪ್ಪಾ, ಇದು ತಿಂಡಿ, ಗಡಿಯಾರ ಅಲ್ಲ" ಅಂದರೆ ಕೇಳಿಸದವರಂತೆ ಇರುತ್ತಾರೆ. ನಿಜಕ್ಕೂ ಕೇಳಿಸದಿರುವುದು ಹೆಂಡತಿಗೆ. ಮೂರು ವರ್ಷದಿಂದ ಅವರಿಗೆ ಬಾಗಿಲ ಬೆಲ್ಲೂ ಇಲ್ಲ, ಗಂಡನ ಕೂಗೂ ಇಲ್ಲ. ಆದರೆ ಗರಿಗರಿ ಬಿಲ್ಲೆಯನ್ನು ಕಚ್ಚಿದರೆ ಸದ್ದು ದವಡೆಯೊಳಗಿಂದಲೇ ಏರಿ ತಲೆ ತುಂಬುತ್ತದೆ. "ರೀ, ಕೇಳಿಸ್ತು!" ಎಂದು ಅವರು ಕಣ್ಣರಳಿಸಿದಾಗ, ಯಜಮಾನರು ಇನ್ನೊಂದು ಬಿಲ್ಲೆಯನ್ನು ಅವರ ಅಂಗೈಯಲ್ಲಿಡುತ್ತಾರೆ.