ಸಂದರ್ಶನದಲ್ಲಿ ಹೇಳಿದ ಅಪ್ಪನ ಸಾವು

ಜಪಾನಿನ ಕನಜಾವಾ ಊರಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಶರತ್ಕಾಲದ ಹಬ್ಬ ಬಂದರೆ ಬ್ಯಾಡ್ಮಿಂಟನ್ ಬಳಗದವರು ಹುರಿದ ನೂಡಲ್ಸಿನ ಅಂಗಡಿ ಹಾಕುವುದು ರೂಢಿ. ನಾವು ಮೂರನೇ ವರ್ಷದಲ್ಲಿದ್ದಾಗ ಕಾವಲಿಯ ಮುಂದೆ ನಿಲ್ಲುವ ಕೆಲಸ ನನ್ನ ಪಕ್ಕದ ರೂಮಿನ ತವಾರ ಚಿಜುರುವಿನ ಪಾಲಿಗೆ ಬಂದಿತ್ತು. ಹಬ್ಬ ಇನ್ನೇನು ಬಂತು ಅನ್ನುವಾಗ ಊರಿನಲ್ಲಿ ಅವಳ ಅಪ್ಪ ತೀರಿಕೊಂಡರು. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿದ್ದವರು, ಕೆಲಸದ ನಡುವೆಯೇ ಎದೆ ಹಿಡಿದುಕೊಂಡು ಕುಸಿದರಂತೆ. ಇವಳು ಬಸ್ಸು ಹತ್ತಿ ಹೋದಳು. ಸದ್ಯಕ್ಕೆ ಬರಲಾರಳೆಂದು ನಾವು ಬೇರೆಯವರನ್ನು ಗೊತ್ತುಮಾಡಿದೆವು. ಹಬ್ಬದ ಬೆಳಿಗ್ಗೆ ನೋಡಿದರೆ ಅಂಗಡಿಯ ಹಿಂದೆ ಕೂತು ಎಲೆಕೋಸು ಹೆಚ್ಚುತ್ತಿದ್ದಳು.

ಕೊನೆಯ ವರ್ಷದ ನುಕುಯಿ ನಮ್ಮ ಬಳಗದ ಹಿರಿಯ. ಅವನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, "ತವಾರಾ, ನೀನು ರೂಮಿಗೆ ಹೋಗು. ಇಲ್ಲಿ ನಾವು ನೋಡ್ಕೋತೀವಿ" ಎಂದ.

"ರೂಮಲ್ಲಿ ಏನ್ಮಾಡ್ಲಿ, ನುಕುಯಿ ಅಣ್ಣ?"

"ಮಲ್ಕೋ. ಅತ್ತುಬಿಡು."

"ಅಳು ಬರ್ತಾ ಇಲ್ಲ. ಆ ಈರುಳ್ಳಿ ಈ ಕಡೆ ಕೊಡಿ, ನೋಡೋಣ."

ಯಾರೂ ನಗಲಿಲ್ಲ. ಅವಳು ಸಂಜೆಯವರೆಗೂ ನೂಡಲ್ಸ್ ಹುರಿದಳು.

ಆ ಚಳಿಗಾಲವೆಲ್ಲ ಹಾಗೇ ಕಳೆಯಿತು. ಆಟಕ್ಕೆ ಕರೆದರೆ ಬರುತ್ತಿದ್ದಳು, ಹಾಡುವುದಕ್ಕೆ ಕರೆದರೆ ಬಂದು ಮೂಲೆಯಲ್ಲಿ ಕೂತು ತಾಳ ಹಾಕುತ್ತಿದ್ದಳು. ಕಲ್ಲು ಮನಸ್ಸಿನವಳು ಎಂದು ಕೆಲವರು ಆಡಿಕೊಂಡರು. ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವಳನ್ನು ಕಂಡೆ. ಯಂತ್ರ ಆಗಲೇ ನಿಂತುಹೋಗಿತ್ತು. ಅವಳು ಅದರ ಗಾಜನ್ನೇ ನೋಡುತ್ತ ಕೂತಿದ್ದಳು.

"ಮುಗೀತಲ್ಲೇ" ಎಂದೆ.

"ಏನು?"

"ಬಟ್ಟೆ."

"ಓ" ಎಂದು ಎದ್ದಳು.

ಅಷ್ಟರಲ್ಲಿ ಕೆಲಸದ ಸಂದರ್ಶನಗಳ ಕಾಲ ಬಂತು. ಎಲ್ಲೆಲ್ಲೂ ಒಂದೇ ಪ್ರಶ್ನೆ: ನಿಮಗೆ ಬಂದ ಕಷ್ಟ ಯಾವುದು, ಅದನ್ನು ಹೇಗೆ ದಾಟಿದಿರಿ? ಕ್ಯಾಂಟೀನಿನಲ್ಲಿ ಕೂತು ಎಲ್ಲರೂ ಕಷ್ಟ ಹೊಸೆಯತೊಡಗಿದೆವು. ನಾನು ನನ್ನ ಕಾಲು ಉಳುಕಿದ್ದನ್ನೇ ದೊಡ್ಡ ಕತೆ ಮಾಡಿಕೊಂಡಿದ್ದೆ. ಆಗ, ಇದನ್ನೆಲ್ಲ ಹಿಂದಿನ ವರ್ಷವೇ ಮುಗಿಸಿದ್ದ ನುಕುಯಿ, "ತವಾರಾ, ತಪ್ಪು ತಿಳ್ಕೋಬೇಡ. ನಿನಗೆ ಸುಳ್ಳು ಕಟ್ಟೋ ಗೋಜೇ ಇಲ್ಲ. ಅಪ್ಪನ ವಿಷಯ ಹೇಳು" ಎಂದ.

ತಟ್ಟೆ ಎತ್ತಿ ಅವನ ಮೇಲೆ ಎಸೆಯುತ್ತಾಳೆ ಅಂದುಕೊಂಡೆ. ಅವಳು "ಹೌದಲ್ವಾ" ಎಂದು ಅನ್ನಕ್ಕೆ ಕರಿ ಕಲಸಿಕೊಂಡಳು.

ಒಸಾಕಾದ ಒಂದು ಕಂಪನಿಯಲ್ಲಿ ಹಾಗೇ ಹೇಳಿದಳು. ಕೆಲಸ ಸಿಕ್ಕಿತು. ಸುದ್ದಿ ತಿಳಿದು ನಾನು ಅವಳ ರೂಮಿಗೆ ಓಡಿದೆ.

"ಏನಂದೆ ಅಲ್ಲಿ?"

"ಅಪ್ಪ ಹೋದ್ಮೇಲೆ ದುಡಿಮೆ ಅಂದ್ರೇನು ಅಂತ ಅರ್ಥ ಆಯ್ತು, ಅಂದೆ."

"ಆಯ್ತಾ?"

"ಇಲ್ಲ. ಎದುರಿಗಿದ್ದ ಹೆಂಗಸು ಅತ್ತುಬಿಟ್ರು ಕಣೇ. ಅವರ ಕರ್ಚೀಫಲ್ಲಿ ಸಣ್ಣ ಸಣ್ಣ ನಿಂಬೆಹಣ್ಣಿನ ಚಿತ್ರ ಇತ್ತು. ನಾನು ಅದನ್ನೇ ನೋಡ್ತಾ ಕೂತಿದ್ದೆ."

ಕೆಲವು ದಿನ ಬಿಟ್ಟು ಅವಳು ಆ ಕಂಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ನುಕುಯಿಗೆ ತಲೆ ಕೆಟ್ಟುಹೋಯಿತು.

"ಹುಚ್ಚು ಹಿಡಿದಿದೆಯಾ ನಿನಗೆ?"

"ಗೊತ್ತಿಲ್ಲ. ಅಲ್ಲಿಗೆ ಹೋದ್ರೆ ಎಲ್ಲರೂ ನನ್ನನ್ನ ಅಪ್ಪನ್ನ ಕಳ್ಕೊಂಡವಳು ಅಂತ ನೋಡ್ತಾರೆ. ಅದಕ್ಕೆ ತಕ್ಕ ಮುಖ ನನ್ನ ಹತ್ರ ಇಲ್ಲ."

ಬೇಸಿಗೆಯಲ್ಲಿ ಫುಕುಯಿ ಊರಿನ ಕನ್ನಡಕದ ಕಾರ್ಖಾನೆಯಲ್ಲಿ ಅದೇ ಪ್ರಶ್ನೆ ಬಂದಾಗ, ಆಟದಲ್ಲಿ ತನಗೆ ಸರ್ವ್ ಮಾಡುವುದು ಇನ್ನೂ ಬಂದಿಲ್ಲ, ಅದನ್ನು ದಾಟಿಯೂ ಇಲ್ಲ ಎಂದಳಂತೆ. ಅವರು ನಕ್ಕು ಸೇರಿಸಿಕೊಂಡರು. ಈಗಲೂ ಅಲ್ಲೇ ಇದ್ದಾಳೆ, ಕನ್ನಡಕದ ಕಡ್ಡಿಗಳು ಸರಿಯಾಗಿ ಮಡಚಿಕೊಳ್ಳುತ್ತವೆಯೇ ಎಂದು ನೋಡುವ ಕೆಲಸ.

ಕಳೆದ ವರ್ಷ ಹಿರಿಯರ ಹಬ್ಬಕ್ಕೆ ನಾನೂ ಅವಳ ಊರಿಗೆ ಹೋಗಿದ್ದೆ. ಸುಡುಬಿಸಿಲಲ್ಲಿ ತಾಯಿ ಮಗಳು ಅಪ್ಪನ ಸಮಾಧಿಯ ಕಲ್ಲಿಗೆ ನೀರು ಹೊಯ್ದು ತೊಳೆದರು. ಆಮೇಲೆ ಬಂದರಿನ ಹೋಟೆಲಿಗೆ ಹೋಗಿ ಕೂತೆವು. ಪಕ್ಕದ ಮನೆಯವರು ಹೊಸ ದೋಣಿ ಕೊಂಡದ್ದು, ಮೀನು ಕಡಿಮೆಯಾದದ್ದು, ಅಪ್ಪನ ವಿಷಯವೊಂದನ್ನು ಬಿಟ್ಟು ಎಲ್ಲವನ್ನೂ ತಾಯಿ ಹೇಳುತ್ತಲೇ ಇದ್ದರು. ಚಿಜುರು ನಡುನಡುವೆ "ಹ್ಞೂಂ" ಎನ್ನುತ್ತ ತನ್ನ ತಟ್ಟೆಯ ಸಿಗಡಿಯನ್ನು ಎತ್ತಿ ತಾಯಿಯ ತಟ್ಟೆಗೆ ಹಾಕಿದಳು.