ಎಕ್ಸ್ ಬರೆದ ಶಾಫ್ಟು

ವಾಶಿಯಲ್ಲಿ ಉಡುಪಿ ಹೋಟೆಲು ನಡೆಸುವ ನನ್ನ ಅಕ್ಕನ ಗಂಡ ಐವತ್ತೆಂಟನೆಯ ವಯಸ್ಸಿನಲ್ಲಿ ಗಾಲ್ಫ್ ಆಡಲು ಹೊರಟರು. ಹೋಟೆಲಿಗೆ ಬರುವ ಬಿಲ್ಡರೊಬ್ಬರು ಒಂದು ಭಾನುವಾರ ಆಟಕ್ಕೆ ಕರೆದುಕೊಂಡು ಹೋಗಿದ್ದೇ ನೆಪ. ಮುಂದಿನ ಭಾನುವಾರದ ಹೊತ್ತಿಗೆ ಭಾವನ ಬಳಿ ಸ್ವಂತ ಡ್ರೈವರ್ ಇತ್ತು. ಡ್ರೈವರ್ ಎಂದರೆ ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಉದ್ದನೆಯ ಕೋಲು. ಕಲ್ಯಾಣದಿಂದ ನನ್ನನ್ನೂ ಕರೆಸಿಕೊಂಡರು. ಆಡುವುದಕ್ಕಲ್ಲ, ನೋಡುವುದಕ್ಕೆ.

"ಇಲ್ಲಿ ಓದು" ಎಂದು ಅದರ ದಂಡವನ್ನು, ಅಂದರೆ ಶಾಫ್ಟನ್ನು, ನನ್ನ ಮೂಗಿನ ಹತ್ತಿರ ಹಿಡಿದರು. 'ಎಕ್ಸ್' ಎಂದಿತ್ತು. "ಎಕ್ಸ್‌ಟ್ರಾ ಸ್ಟಿಫ್. ಬಿಲ್ಡರದ್ದು ಬರೀ ಸ್ಟಿಫ್ ಮಾರಾಯ!"

ಶಾಫ್ಟು ಬಾಗದಷ್ಟೂ ಮನುಷ್ಯ ಗಟ್ಟಿ ಎಂದು ಭಾವ ನಂಬಿದ್ದರು. ನಾನೂ ತಲೆಯಾಡಿಸಿದೆ. ಅವರ ಹೋಟೆಲಿನ ಊಟ ಉಂಡವನು ಬೇರೇನು ಮಾಡಲಿ? ಮೂರು ತಿಂಗಳು ಚೆಂಡು ಬಲಗಡೆಯ ಪೊದೆ ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಹೊಡೆದಾಗಲೆಲ್ಲ ಕಬ್ಬಿಣದ ಸರಳಿನಿಂದ ಬಂಡೆ ಕುಟ್ಟಿದ ಹಾಗೆ ಅಂಗೈ ಜುಮ್ಮೆನ್ನುತ್ತದೆ ಎಂದು ಅಕ್ಕನ ಹತ್ತಿರ ಹೇಳಿದರಂತೆ. ನಮ್ಮೆದುರು ಗಾಳಿಯನ್ನು ಬೈದರು. ಅವರ ಮೊಣಕೈಗೆ ಎಣ್ಣೆ ತಿಕ್ಕಿ ಸಾಕಾದ ಅಕ್ಕ, "ಇವರನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗಿ ತೋರ್ಸು" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಡಾಕ್ಟರು. ಭಾವ ಒಪ್ಪಿದ್ದು ಠಾಣೆಯ ಗಾಲ್ಫ್ ಸಾಮಾನಿನ ಅಂಗಡಿಗೆ.

ಅಲ್ಲಿ ಶಾಫ್ಟು ಹೊಂದಿಸಿಕೊಡುವ ಯುವತಿ ನಮ್ಮ ಕನ್ನಡ ಕೇಳಿ ನಕ್ಕಳು. ಅವಳ ಅಮ್ಮ ಕುಂದಾಪುರದವರಂತೆ. ಉತ್ತರ ಮಾತ್ರ ಹಿಂದಿಯಲ್ಲಿ: "ಅಂಕಲ್, ಆಪ್ ಕೇ ಲಿಯೇ ರೆಗ್ಯುಲರ್ ಠೀಕ್ ಹೈ."

"ರೆಗ್ಯುಲರಾ?" ಭಾವನ ಮುಖ ಕೆಂಪಾಯಿತು. "ನಾನು ಎಂತ, ದಿನಾ ಬರುವ ಗಿರಾಕಿಯಾ?"

ಅವಳು ಸಮಾಧಾನದಿಂದ ವಿವರಿಸಿದಳು. ಎಕ್ಸ್, ಸ್ಟಿಫ್, ರೆಗ್ಯುಲರ್, ವಯಸ್ಸಾದವರ ಸೀನಿಯರ್ ಎಂದು ಗಟ್ಟಿಯಿಂದ ಮೆತ್ತಗೆ ಇಳಿಯುವ ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಒಂದು ಕಂಪನಿಯ ಸ್ಟಿಫ್ ಇನ್ನೊಂದರ ರೆಗ್ಯುಲರಿಗಿಂತ ಮೆತ್ತಗಿರಬಹುದು. ಶಾಫ್ಟಿನ ತೂಕವೆಷ್ಟು, ಎಷ್ಟು ತಿರುಚಿಕೊಳ್ಳುತ್ತದೆ, ಎಲ್ಲಿ ಬಾಗುತ್ತದೆ, ಇದೆಲ್ಲ ಸೇರಿಯೇ ಅದು ಕೈಗೆ ಹಿತವೋ ಅಲ್ಲವೋ ಎಂದು ಗೊತ್ತಾಗುವುದು. ಭಾವ ಗೋಡೆಯ ಮೇಲಿನ ಟೋಪಿಗಳನ್ನು ನೋಡುತ್ತಿದ್ದರು. ಕೊನೆಗೆ ಅವಳು ನಾಲ್ಕು ಶಾಫ್ಟುಗಳ ಅಕ್ಷರದ ಮೇಲೆ ಕಪ್ಪು ಟೇಪು ಅಂಟಿಸಿ, "ಅಬ್ ಮಾರೋ ಅಂಕಲ್" ಎಂದು ಹೊಡೆಯಲು ಹೇಳಿದಳು.

ದೋಸೆ ಹಿಟ್ಟಿನ ಹದವನ್ನು ಸೌಟು ಹಿಡಿದೇ ಹೇಳುವ ಕೈ ಭಾವನದು. ಮೂರನೆಯದನ್ನು ಬೀಸಿದಾಗ ಚೆಂಡು ನೆಟ್ಟಗೆ ಹೋಗಿ, ಹೊಡೆದು ನೋಡಲೆಂದು ಅಂಗಡಿಯಲ್ಲಿ ಕಟ್ಟಿದ್ದ ಪರದೆಯ ನಡುವಿಗೆ ಬಡಿಯಿತು.

"ಇದೇ! ಕೈಗೆ ಗೊತ್ತೇ ಆಗ್ಲಿಲ್ಲ ನೋಡು. ಅಸಲಿ ಎಕ್ಸ್‌ಟ್ರಾ ಸ್ಟಿಫ್ ಅಂದ್ರೆ ಹೀಗೆ ಇರ್ತದೆ!"

ಅವಳು ಟೇಪು ಕಿತ್ತಳು. 'ಸೀನಿಯರ್' ಎಂದಿತ್ತು.

ನಗು ತಡೆಯಲಾಗದೆ ನಾನು ಕೆಮ್ಮಿದೆ. "ಬಾ, ನೀನೂ ಹೊಡಿ" ಎಂದು ಭಾವ ಕೋಲು ಕೊಟ್ಟರು. ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಅದರಿಂದ ಅವರಿಗೆ ತುಸು ಜೀವ ಬಂತು. ಯುವತಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ಅಕ್ಷರ ಕೆಳಗೆ ಬಂದು ಯಾರಿಗೂ ಕಾಣದ ಹಾಗೆ ಕೂರಿಸ್ಲಿಕ್ಕೆ ಆಗ್ತದಾ ಅಮ್ಮ?"

"ಹೋ ಜಾಯೇಗಾ ಅಂಕಲ್," ಎಂದಳು ಅವಳು, ತಲೆಯೆತ್ತದೆ. "ಬಹುತ್ ಲೋಗ್ ಕರವಾತೇ ಹೈಂ." ಹಾಗೆ ಮಾಡಿಸಿಕೊಳ್ಳುವವರು ಬಹಳ ಮಂದಿ ಇದ್ದಾರಂತೆ.