ಲೇಬಲ್ಲಿನಲ್ಲಿ ದೋಣಿಯ ಹೆಸರು

ಕೊರೊನಾ ಮುಗಿದ ಮರುವರ್ಷ ನಾನು ಕಾರವಾರದ ಖಾಸಗಿ ಆಸ್ಪತ್ರೆಯೊಂದರ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆದೆ. ಆ ಕುರ್ಚಿಯಲ್ಲಿ ನನಗಿಂತ ಮೊದಲು ಕೂತಿದ್ದವನು ವಸಂತ, ನನಗೆ ಕೆಲಸ ಕಲಿಸಿದ ಗೆಳೆಯ. ಅರ್ಗಾದ ಹತ್ತಿರ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಅವನ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಂದವನು ಮರುದಿನವೇ ಲ್ಯಾಬ್ ಸರ್ವರಿನ ಅಪ್‌ಗ್ರೇಡಿಗೆ ಕೂತೆ. ದುಃಖವಾಗಿತ್ತು ಎಂದು ಹೇಳಲಾರೆ. ಮನಸ್ಸಿಗೆ ಜೋಮು ಹಿಡಿದಿತ್ತು, ಅಷ್ಟೆ.

ಸರ್ವರಿನ ತಂತ್ರಾಂಶ ಹೇಗೆ ನಡೆದುಕೊಳ್ಳಬೇಕೆಂದು ಬರೆದಿಡುವುದೇ ಕಾನ್ಫಿಗರೇಶನ್ ಫೈಲ್. ಕಂಪನಿ ಒಂದು ಮಾದರಿ ಕೊಡುತ್ತದೆ, ನಮ್ಮ ಅನುಕೂಲಕ್ಕೆ ತಕ್ಕಂತೆ ನಾವು ಅದನ್ನು ತಿದ್ದಿಕೊಳ್ಳುತ್ತೇವೆ. ಅಪ್‌ಗ್ರೇಡ್ ಮಾಡುವಾಗ ಪರದೆಯ ಮೇಲೆ ಪ್ರಶ್ನೆ ಬರುತ್ತದೆ: ನೀವು ತಿದ್ದಿದ ಹಳೆಯದನ್ನು ಉಳಿಸಬೇಕೇ, ಹೊಸದನ್ನು ಹಾಕಬೇಕೇ?

ವಸಂತನ ಫೈಲಿನಲ್ಲಿ, ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ಲಿಗಾಗಿ ಒಂದು ಸಾಲು ಹೆಚ್ಚಿಗೆ ಇತ್ತು. ಯಾಕೆಂದು ಅವನು ಬರೆದಿರಲಿಲ್ಲ.

"ಅದು ಹೊಸ ವರ್ಷನ್‌ನಲ್ಲಿ ಓಡಲ್ಲ ಸರ್, ಹೊಸ ಫೈಲೇ ಹಾಕಿ" ಎಂದರು ಫೋನಿನಲ್ಲಿದ್ದ ಕಂಪನಿಯ ಎಂಜಿನಿಯರ್. ಹಾಕಿದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಮಾಡುತ್ತಿದ್ದೆ. ಹಳೆಯದರ ಪ್ರತಿ ತೆಗೆದಿಟ್ಟದ್ದು ಬರೀ ಅಭ್ಯಾಸದಿಂದ.

ಮರುದಿನ ಬೆಳಿಗ್ಗೆ ಲ್ಯಾಬ್ ಟೆಕ್ನಿಶಿಯನ್ ಶೈಲಾ ಒಂದು ಟ್ಯೂಬ್ ಹಿಡಿದುಕೊಂಡು ನನ್ನ ಕೋಣೆಗೇ ಬಂದಳು. "ಸರ್, ಲೇಬಲ್ ಮೇಲೆ ದೋಣಿ ಹೆಸರೆಲ್ಲಿ ಹೋಯ್ತು? ಈ ನಂಬರಿಗೆ ಹಳೇ ರೆಕಾರ್ಡಲ್ಲಿ ಓ ಗ್ರೂಪ್ ಅದೆ. ಟ್ಯೂಬಲ್ಲಿ ಬಿ ಬಂದದೆ."

ಆ ನಂಬರು ಬೆಳಂಬಾರದ ನಾಗವೇಣಿಯದು. ಮಧ್ಯಾಹ್ನ ಅವಳಿಗೆ ಗರ್ಭಕೋಶದ ಆಪರೇಶನ್, ರಕ್ತ ಕೊಡಲೇಬೇಕಿತ್ತು. ಜ್ವರ ಬಂದು ಅದೇ ವಾರ್ಡಿನಲ್ಲಿದ್ದ ಇನ್ನೊಬ್ಬಾಕೆಯೂ ಬೆಳಂಬಾರದ ನಾಗವೇಣಿಯೇ. ಇಬ್ಬರ ಗಂಡಂದಿರೂ ಗಣಪತಿ, ಅಡ್ಡಹೆಸರೂ ಒಂದೇ. ಅಂಥವರನ್ನು ಆ ಮೀನುಗಾರರ ಊರಿನಲ್ಲಿ ಗುರುತಿಸುವುದು ಮನೆಯ ದೋಣಿಯ ಹೆಸರಿನಿಂದ. ಆಸ್ಪತ್ರೆಗೆ ಸೇರುವಾಗ ಬರೆಸಿದ ದೋಣಿಯ ಹೆಸರನ್ನು ವಸಂತನ ಆ ಸಾಲು ಲೇಬಲ್ಲಿಗೆ ತರುತ್ತಿತ್ತು, ಸಿಸ್ಟರ್ ಅದನ್ನು ಕೇಳಿಕೊಂಡೇ ಸೂಜಿ ಚುಚ್ಚುತ್ತಿದ್ದರು. ಆ ಬೆಳಿಗ್ಗೆ ಲೇಬಲ್ಲಿನಲ್ಲಿ ದೋಣಿ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಟ್ಯೂಬುಗಳು ಅದಲುಬದಲಾಗಿದ್ದವು. ಓ ಗ್ರೂಪಿನವಳಿಗೆ ಬಿ ರಕ್ತ ಏರಿಸಿದ್ದರೆ ಅವಳು ಉಳಿಯುವುದು ಕಷ್ಟವಿತ್ತು.

ಶೈಲಾಳ ಜೊತೆ ವಾರ್ಡಿಗೆ ಹೋದೆ. ಮತ್ತೆ ರಕ್ತ ತೆಗೆಸಿಕೊಳ್ಳಲು ಕೈ ಚಾಚುತ್ತ ಆಪರೇಶನ್ನಿನ ನಾಗವೇಣಿ ಅಂದಳು: "ನಾಗವೇಣಿ ಅಂದ್ರು, ಕೈ ಕೊಟ್ಟೆ. ಯಾವ ದೋಣಿಯವಳು ಅಂತ ಯಾರೂ ಕೇಳ್ಲೇ ಇಲ್ಲಲ್ರಾ."

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ತಲೆಯಾಡಿಸಿ ವಾಪಸು ಬಂದು ಕೂತೆ.

ಎಂಜಿನಿಯರ್ ಹೇಳಿದ್ದು ಸುಳ್ಳಲ್ಲ, ಹಳೆಯ ಸಾಲು ಹೊಸದರಲ್ಲಿ ಓಡಲಿಲ್ಲ. ಎರಡೂ ಫೈಲುಗಳನ್ನು ಅಕ್ಕಪಕ್ಕ ತೆರೆದು, ಅದನ್ನು ಹೊಸ ರೀತಿಯಲ್ಲಿ ಬರೆದೆ. ಲೇಬಲ್ಲಿನ ಪ್ರಿಂಟ್ ತೆಗೆದು ನೋಡಿದೆ: ನಾಗವೇಣಿ, ಬೆಳಂಬಾರ, ಜಲದೇವತೆ. ಮಧ್ಯಾಹ್ನ ಆಪರೇಶನ್ ಆಯಿತು. ಅವಳಿಗೆ ಓ ರಕ್ತವೇ ಏರಿತು.

ಹಳೆಯದನ್ನು ಕಣ್ಣುಮುಚ್ಚಿ ಉಳಿಸುವುದೂ ಸರಿಯಲ್ಲ, ಕಣ್ಣುಮುಚ್ಚಿ ಅಳಿಸುವುದೂ ಸರಿಯಲ್ಲ. ತಿದ್ದಿದವರು ಯಾಕೆ ತಿದ್ದಿದೆವೆಂದು ಅಲ್ಲೇ ಬರೆದಿಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಸಂಜೆ ಆ ಸಾಲಿನ ಮೇಲೆ ಬರೆದೆ: "ಒಂದೇ ಊರಿನಲ್ಲಿ ಒಂದೇ ಹೆಸರಿನವರಿದ್ದಾರೆ. ದೋಣಿಯ ಹೆಸರು ತೆಗೆಯಬೇಡಿ." ಸೇವ್ ಮಾಡುತ್ತಿದ್ದಂತೆ, ವಸಂತ ಸತ್ತ ಮೇಲೆ ಮೊದಲ ಸಲ, ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ಬರೆದಿಟ್ಟು ಹೋಗಬಾರದಿತ್ತೇ ಮಾರಾಯ, ಎಂದು ಖಾಲಿ ಕೋಣೆಯಲ್ಲಿ ಜೋರಾಗಿಯೇ ಕೇಳಿದೆ.